ನೀಲವ್ವನ ಹಿತ್ತಲಿಗೆ ಹೋದ ಬಟ್ಟಲು

ನಾನು ಒಂದು ಕಂಚಿನ ಬಟ್ಟಲು, ಬೆಂಕಿಯ ಮಗಳು. ಕೆಂಪಗೆ ಕರಗಿ ಅಚ್ಚಿಗೆ ಇಳಿದೆ. ಅಚ್ಚು ಒಡೆದವನು ನನ್ನ ಅಂಚನ್ನು ಉಜ್ಜಿ ಉಜ್ಜಿ ನಯ ಮಾಡಿದ. ಕೆಲಕಾಲ ಪೇಟೆಯ ಅಂಗಡಿಯಲ್ಲಿದ್ದೆ. ಆಮೇಲೆ ತವರಿನ ಉಡುಗೊರೆಯಾಗಿ ಇಂದಿರಾಳ ಜೊತೆ ಧಾರವಾಡಕ್ಕೆ ಬಂದೆ.

ಬಂದೆನೇ ಹೊರತು ಆ ಮನೆಯಲ್ಲಿ ನಿಂತಿದ್ದು ಕಡಿಮೆ. ಇಂದಿರಾಳಿಗೂ ಪಕ್ಕದ ಮನೆಯ ನೀಲವ್ವನಿಗೂ ನಡುವೆ ಓಡಾಡುವುದೇ ನನ್ನ ಕೆಲಸ. ಹೋಳಿಗೆ ಹೊತ್ತು ಹೋದರೆ ಪೇರಲ ಹಣ್ಣು ಹೊತ್ತು ಬರುತ್ತಿದ್ದೆ. ಸಾರು ಹೋದರೆ ಮಲ್ಲಿಗೆ ಮೊಗ್ಗು. ಖಾಲಿ ಪಾತ್ರೆ ತಿರುಗಿ ಕಳಿಸುವುದು ನೀಲವ್ವನಿಗೆ ಆಗದ ಮಾತು.

ಅವಳ ಹಿತ್ತಲು ನನಗಿಷ್ಟ, ಒಂದು ಮೂಲೆ ಬಿಟ್ಟು. ಅಲ್ಲೊಂದು ಬತ್ತಿದ ಹಳೆಯ ಬಾವಿ. ಕಟ್ಟೆ ಎಂದೋ ಕುಸಿದು ನೆಲಕ್ಕೆ ಸಮವಾಗಿತ್ತು. ಹತ್ತಿರ ಹೋದಾಗಲೆಲ್ಲ ಒಳಗಿನಿಂದ ತಣ್ಣನೆಯ ಉಸಿರು ಬಂದು ನನ್ನ ಹೊಟ್ಟೆ ತಡವುತ್ತಿತ್ತು. ಅದು ಯಾರನ್ನೋ ಕಾಯುತ್ತಿದೆ ಅನಿಸುತ್ತಿತ್ತು.

ಆಷಾಢದ ಮಳೆ ಹಿಡಿದು ಬಿಟ್ಟಿರಲಿಲ್ಲ. ಇಂದಿರಾ ಬಿಸಿ ಕಡಬು ತುಂಬಿ ನನ್ನನ್ನು ಮಗಳು ಪಮ್ಮಿಯ ಕೈಗೆ ಕೊಟ್ಟಳು.

“ಬಂದೀ ಏನ, ಮಳಿಯಾಗಿನ ಕಪ್ಪಿ?” ಎಂದು ನೀಲವ್ವ ನಕ್ಕಳು. ಕಡಬು ತೆಗೆದಿಟ್ಟು ಅಡುಗೆಮನೆಯೆಲ್ಲ ಹುಡುಕಿದಳು. ನನ್ನೊಳಗೆ ಹಾಕಲು ಏನೂ ಸಿಗಲಿಲ್ಲ.

“ಹಂಗ ಕೊಡ್ರಿ ಆಯಿ. ಅವ್ವ ಏನೂ ಅನ್ನೂದಿಲ್ಲ.”

“ನಿಮ್ಮವ್ವ ಅನ್ನೂದಿಲ್ಲ, ನನ್ನ ಜೀವ ಅಂತೈತಿ. ನಿಂದ್ರು, ನಾಕ ಎಸಳ ಕರಿಬೇವರ ಹರದ ಕೊಡ್ತೀನಿ.”

ಕರಿಬೇವು ಇದ್ದದ್ದು ಬಾವಿಯ ಪಕ್ಕ. ನೀಲವ್ವ ತಲೆಗೆ ಗೋಣಿಚೀಲ ಹೊದ್ದು ನಡೆದಳು. ಕೊಡೆ ಹಿಡಿದು ಪಮ್ಮಿ ಹಿಂದೆಯೇ ಬಂದಳು. ನನ್ನನ್ನು ನೆಲಕ್ಕಿಟ್ಟು ನೀಲವ್ವ ಕೊಂಬೆಗೆ ಕೈ ಚಾಚಿದಳು.

ನೆಲ ಮುಟ್ಟಿದ ಕೂಡಲೇ ನನಗೆ ತಿಳಿಯಿತು. ಕೆಳಗೆ ಮಣ್ಣು ಸದ್ದಿಲ್ಲದೆ ಬಾವಿಗೆ ಉದುರುತ್ತಿತ್ತು. ಆ ನಡುಕಕ್ಕೆ ನನ್ನ ಮೈಯೆಲ್ಲ ಗುಂಯ್‌ಗುಟ್ಟಿತು. ಆ ಮಳೆಯಲ್ಲಿ ಅದು ಯಾರಿಗೆ ಕೇಳಬೇಕು? ನಾನು ಜಾರತೊಡಗಿದೆ.

“ಆಯೀ, ಬಟ್ಟಲಾ!”

ಪಮ್ಮಿ ಕೊಡೆ ಬಿಸಾಡಿ ಬಗ್ಗಿದಳು. ನಾಲ್ಕು ಪುಟ್ಟ ಬೆರಳು ನನ್ನ ಅಂಚಿಗೆ ಬಿದ್ದವು. ನನ್ನ ಜೊತೆ ಅವಳೂ ಜಾರಿದಳು. ನೀಲವ್ವ ಅವಳ ಜಡೆಗೆ ಕೈ ಹಾಕಿದಳು.

“ಬಿಡ ಅದನ್ನ, ಹುಚ್ಚಿ!”

“ಅವ್ವ ಬಡೀತಾಳ್ರಿ!”

“ಬಡೀಲಿ! ಬಿಡ ಅಂದ್ರ ಬಿಡ!”

ಬೆರಳು ಬಿಟ್ಟವು. ಅವಳು ನಿಂತಿದ್ದ ನೆಲವೂ ನನ್ನ ಹಿಂದೆಯೇ ಕೆಳಗೆ ಬಂತು.

ಬಾವಿಯ ತಳದಲ್ಲಿ ಬಿದ್ದು ಮೇಲೆ ನೋಡಿದೆ. ಅಂಗೈಯಗಲದ ಆಕಾಶ, ಅದರಲ್ಲಿ ಯಾರ ಮುಖವೂ ಇಲ್ಲ. ಬಹಳ ಹೊತ್ತಿನ ಮೇಲೆ ಪಮ್ಮಿ ಅಳುವುದು ಕೇಳಿತು. ಅಳು ಅಷ್ಟು ಇಂಪಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

“ನಿನ್ನ ತವರಮನಿ ಬಟ್ಟಲಾ ಹೋತಲ್ಲವಾ ಇಂದಿರಾ,” ಎಂದಳು ನೀಲವ್ವ, ಅಳು ಕೇಳಿ ಓಡಿ ಬಂದವಳಿಗೆ.

“ಹೋಗ್ಲಿ ಬಿಡ್ರಿ ನೀಲವ್ವಾರ. ಮೊದಲ ಈ ಬಾವಿ ಮುಚ್ಚಸ್ರಿ.”

ಮುಚ್ಚಿಸಿದರು. ಮುಚ್ಚುವವರಿಗೆ ಅವಸರ. ಮೊದಲು ಹುಣಸೆಯ ಟೊಂಗೆಗಳನ್ನು ಎಸೆದರು. ಅವು ನಡುವೆಯೇ ಅಡ್ಡಲಾಗಿ ಸಿಕ್ಕಿಕೊಂಡವು. ಅವುಗಳ ಮೇಲೆ ಒಡೆದ ಹಂಚು, ಇಟ್ಟಿಗೆ, ಮಣ್ಣು. ಮೇಲೆ ನಿಂತು ನೋಡಿದವರಿಗೆ ಬಾವಿ ತುಂಬಿದೆ. ನನ್ನ ನೆತ್ತಿಗೂ ಆ ಟೊಂಗೆಗಳಿಗೂ ನಡುವೆ ಬರೀ ಬಯಲು.

ಆಮೇಲೆ ಮಳೆಗಾಲಗಳು ಬಂದು ಹೋದವು. ಈಗ ನಾನು ಕಿಲುಬು ಹಿಡಿದ ಮುದುಕಿ. ಟೊಂಗೆಗಳು ಕೊಳೆಯುವ ವಾಸನೆ ಸುತ್ತ ತುಂಬಿದೆ. ಮಳೆ ಬಿಟ್ಟ ಸಂಜೆ ಮೇಲೆ ಹೆಜ್ಜೆ ಕೇಳುತ್ತದೆ. ಹಿತ್ತಲಿನಲ್ಲಿ ಕುಂಟಾಬಿಲ್ಲೆಗೆ ಅಷ್ಟು ಸಮನಾದ ಜಾಗ ಇನ್ನೊಂದಿಲ್ಲವಂತೆ. ಪಮ್ಮಿ ನಗುತ್ತಾಳೆ, ಒಂಟಿಕಾಲಲ್ಲಿ ಜಿಗಿಯುತ್ತಾಳೆ. ಅವಳು ಜಿಗಿದಾಗಲೆಲ್ಲ ನನ್ನ ಮೇಲೆ ಹಿಡಿಮಣ್ಣು ಉದುರುತ್ತದೆ. ಎಲ್ಲ ಕೇಳಿಸಿಕೊಂಡೂ ಏನೂ ಹೇಳಲಾಗದ್ದು, ಇದೇ ನಮ್ಮಂಥವರ ಬಾಳು.

ಇವತ್ತು ಉದುರಿದ್ದು ಮಣ್ಣಲ್ಲ, ಇಟ್ಟಿಗೆ.