ಕೋಟು ಸಮೇತ ಎದ್ದ ಅಕ್ಕ

ನಮ್ಮ ಹೊಲಿಗೆ ಅಂಗಡಿಯಲ್ಲಿ ನಡೆಯುವುದು ಅಕ್ಕನ ಕಾನೂನು. ಬಟ್ಟೆಯ ಹತ್ತಿರ ಯಾರಾದರೂ ಟೀ ಲೋಟ ತಂದರೆ ಕಣ್ಣಲ್ಲೇ ಸುಟ್ಟುಬಿಡುತ್ತಾಳೆ. ಇಸ್ತ್ರಿ ಮಾಡುವ ನಾನು ಅವಳ ತಂಗಿ. ಬೈಸಿಕೊಳ್ಳುವುದೂ ನನ್ನ ಕೆಲಸದಲ್ಲೇ ಸೇರಿದೆ. ಅಂಥವಳ ಎದುರಿಗೆ, ಒಂದು ಮಧ್ಯಾಹ್ನ, ಭಾವ ವೈನ್ ಬಾಟಲಿಯ ಬಿರಡೆಯನ್ನು ಢಬ್ಬೆಂದು ಹಾರಿಸಿದರು.

ದೊಡ್ಡ ಹೋಟೆಲೊಂದರ ಕೆಲಸಗಾರರಿಗೆಲ್ಲ ಹೊಸ ಕೋಟು ಬೇಕಿತ್ತು. ಮಾದರಿಗೆಂದು ಒಂದನ್ನು ಹೊಲಿದಿದ್ದೆವು. ಸಂಜೆ ಮ್ಯಾನೇಜರಮ್ಮ ಬಂದು ಒಪ್ಪಿದರೆ ವರ್ಷವಿಡೀ ಕೈತುಂಬ ಕೆಲಸ, ಇಲ್ಲದಿದ್ದರೆ ಹಳೇ ಪ್ಯಾಂಟಿನ ಜಿಪ್ಪುಗಳೇ ಗತಿ. ಅಂಚಿಗೆ ಕೈಹೊಲಿಗೆ ಹಾಕುವುದೊಂದು ಬಾಕಿಯಿತ್ತು. ಭಾವನ ಲೆಕ್ಕದಲ್ಲಿ ಮಾತ್ರ ಆರ್ಡರು ಆಗಲೇ ಸಿಕ್ಕಾಗಿತ್ತು.

"ಅಕ್ಕಾ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಈ ಗುಳ್ಳೆ ವೈನು ಬೇಗ ತಲೆಗೇರತ್ತೆ. ಮೊದಲು ಊಟ ಮಾಡು," ಎಂದೆ.

"ಸೋಡಾ ಥರ ಇದೆ, ಇದೇನು ಮಾಡತ್ತೆ? ನನಗೇ ಬುದ್ಧಿ ಹೇಳೋಕೆ ಬರ್ಬೇಡ."

ಇಸ್ತ್ರಿಪೆಟ್ಟಿಗೆ ಬಿಸಿಯಾಗಿತ್ತು. ಕೆಲಸ ಮುಗಿಯಲಿ ಎಂದು ನನ್ನ ಲೋಟವನ್ನು ಪಕ್ಕಕ್ಕೆ ಮುಚ್ಚಿಟ್ಟೆ. ಅಕ್ಕ ಬರಿಹೊಟ್ಟೆಗೆ ಮೂರು ಲೋಟ ಇಳಿಸಿದಳು. ಮೊದಲನೆಯದಕ್ಕೆ ಕೆನ್ನೆ ಕೆಂಪಾಯಿತು. ಎರಡನೆಯದಕ್ಕೆ ಭಾವನ ಜೋಕಿಗೆ ನಕ್ಕಳು; ಮದುವೆಯಾದಾಗಿನಿಂದ ನಾವು ಕಾಣದ ಪವಾಡ ಅದು. ಮೂರನೆಯದಾದ ಮೇಲೆ ನನ್ನ ಇಸ್ತ್ರಿಯನ್ನು ಹೊಗಳಿದಳು. ಆಗ ನನಗೆ ನಿಜವಾಗಿ ದಿಗಿಲಾಯಿತು.

"ಸೂಜಿ ನನಗೆ ಕೊಡು ಅಕ್ಕ."

"ನಿನ್ನ ಕೈ ಇಸ್ತ್ರಿಗೇ ಸರಿ. ಸುಮ್ನಿರು."

ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ಏನೋ ಗುನುಗುತ್ತ ಹೊಲಿಯತೊಡಗಿದಳು. ಕೈ ಒಂದಿಷ್ಟೂ ನಡುಗಲಿಲ್ಲ. ನಾನೂ ನಿರಾಳವಾದೆ.

ಮ್ಯಾನೇಜರಮ್ಮ ಒಳಗೆ ಬಂದರು. "ಎಲ್ಲಿ, ಕೋಟು ತೋರಿಸಿ."

ಅಕ್ಕ ಠೀವಿಯಿಂದ ಎದ್ದಳು. ಕೋಟೂ ಎದ್ದಿತು. ಅವಳು ಕೈ ಬಿಟ್ಟರೂ ಕೆಳಗೆ ಬೀಳದೆ ಜೋತಾಡಿತು. ಅಂಚಿನುದ್ದಕ್ಕೂ ತನ್ನ ಸ್ಕರ್ಟನ್ನೂ ಸೇರಿಸಿ ಹೊಲಿದುಕೊಂಡಿದ್ದಳು ಪುಣ್ಯಾತ್ಗಿತ್ತಿ. ಭಾವ ಗಾಬರಿಯಿಂದ ಹಿಡಿದೆಳೆದರು. ಒಂದು ಹೊಲಿಗೆಯೂ ಬಿಡಲಿಲ್ಲ.

ಮ್ಯಾನೇಜರಮ್ಮ ಬಾಟಲಿಯತ್ತ ನೋಡಿ ತುಟಿ ಕಚ್ಚಿ ನಗು ತಡೆದರು. "ಹೊಲಿಗೆ ಗಟ್ಟಿಯಾಗಿದೆ, ಅಷ್ಟು ಒಪ್ಕೋತೀನಿ. ಆದ್ರೆ ಇದನ್ನ ಕುಡಿದವರ ಕೈಗೆ ನಮ್ಮ ಹೋಟೆಲಲ್ಲಿ ಕಾರಿನ ಕೀಲಿ ಕೊಡಲ್ಲ. ನೀವು ನೋಡಿದ್ರೆ ಸೂಜಿ ಹಿಡಿದಿದ್ದೀರಿ. ನಾಳೆ ಬರ್ತೀನಿ. ಬಟ್ಟೆ ಮೇಲೆ ಒಂದು ಗುರುತು ಕಂಡ್ರೂ ಆರ್ಡರಿಲ್ಲ."

ಅವರು ಹೋದ ಮೇಲೆ ಅಕ್ಕನ ಕಣ್ಣು ತುಂಬಿತು. "ಈಗೇನು ಮಾಡೋದೇ?"

ಅವಳನ್ನು ಕೂರಿಸಿ, ಕೈಗೆ ಊಟದ ತಟ್ಟೆ ಕೊಟ್ಟು, ಪಕ್ಕದಲ್ಲಿ ನೀರಿಟ್ಟು, ಕೋಟನ್ನು ತಟ್ಟೆಯಿಂದ ದೂರ ಸರಿಸಿ, ಸಣ್ಣ ಕತ್ತರಿ ಹಿಡಿದು ಕಾಲಬುಡದಲ್ಲಿ ಕೂತೆ. ಬಟ್ಟೆಗೆ ತಾಗದಂತೆ ಒಂದೊಂದೇ ಹೊಲಿಗೆ ಬಿಚ್ಚಿದೆ. ಗುರುತು ಉಳಿಯುವುದಿಲ್ಲವೆಂದು ಬೇಗನೆ ಗೊತ್ತಾಯಿತು. ಅದನ್ನು ಅವಳಿಗೆ ಹೇಳಲಿಲ್ಲ.

ಹುಟ್ಟಿದಾಗಿನಿಂದ ನನ್ನ ಮಾತು ಕೇಳದವಳು ಈಗ ಎದ್ದು ಹೋಗುವಂತಿರಲಿಲ್ಲ. ಕುಡಿಯುವ ಮುಂಚೆ ತಿನ್ನಬೇಕು ಎಂದೆ. ನಡುನಡುವೆ ನೀರು ಕುಡಿಯಬೇಕು, ಒಂದು ಲೋಟಕ್ಕೇ ಸಾಕೆನ್ನಬೇಕು, ಕೆಲಸವಿದ್ದಾಗ ಮುಟ್ಟಲೇಬಾರದು ಎಂದೆ. ಅಕ್ಕ ತುತ್ತು ನುಂಗುತ್ತ ಎಲ್ಲಕ್ಕೂ ತಲೆಯಾಡಿಸಿದಳು. ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಿದೆ.

"ಇನ್ನೂ ಎಷ್ಟಿದೆಯೇ?" ಎಂದಳು ಕೊನೆಗೆ, ದೈನ್ಯದಿಂದ.

ಉಳಿದಿದ್ದದ್ದು ಒಂದೇ ಹೊಲಿಗೆ.

"ತುಂಬ ಇದೆ ಅಕ್ಕ," ಎಂದೆ.