ಮದುವೆ ರೀಲಿನ ಕೊನೆಯ ಎರಡು ಫ್ರೇಮು

"ಇವು ಇಲಿ ಬಿಲ ಕಣಯ್ಯ," ಎಂದ ರಸ್ತೆ ಅಗಲಿಸಲು ಬಂದ ಇಂಜಿನಿಯರು, ಮಣ್ಣಿನ ದಿಬ್ಬದ ತೂತುಗಳತ್ತ ಪೆನ್ನು ತೋರಿಸಿ. "ಹಕ್ಕಿ ಗೂಡು ಅಂತೀಯಲ್ಲ, ಫೋಟೋ ತಾ. ಇಲ್ಲಾಂದ್ರೆ ಸೋಮವಾರ ದಿಬ್ಬ ನೆಲಸಮ."

ನನ್ನ ಮೈಯೆಲ್ಲ ಉರಿದುಹೋಯಿತು. ಕಳ್ಳಿಪೀರ ಹಕ್ಕಿಗಳು ಇಲ್ಲಿಗೆ ಬರುವುದು ಬೇಸಿಗೆಯಲ್ಲಿ, ಈ ಬಿಲಗಳೊಳಗೆ ಮೊಟ್ಟೆಯಿಡಲು. ಈ ಚಳಿಗಾಲದಲ್ಲಿ ಫೋಟೋ ಎಲ್ಲಿಂದ ತರಲಿ? ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ಬಾಯಲ್ಲಿ ಹೇಳಿದರೆ ಯಾವನು ನಂಬುತ್ತಾನೆ?

ಚಿಕ್ಕಪ್ಪ ತೀರಿಕೊಂಡು ಮೂರು ವರ್ಷ. ನಾನು ಕೆಲಸ ಕಲಿತದ್ದು ಅವನ ಫೋಟೋ ಸ್ಟುಡಿಯೋದಲ್ಲೇ. ಮೂವತ್ತಾರು ಫ್ರೇಮಿನ ರೀಲು ಪೂರ್ತಿ ಮುಗಿಯದೆ ಅವನು ತೊಳೆಯುತ್ತಿರಲಿಲ್ಲ. ಮದುವೆಯ ಮರುದಿನ ಬೆಳಿಗ್ಗೆ ಇಬ್ಬರೂ ಸೈಕಲ್ಲೇರಿ ಇದೇ ದಿಬ್ಬಕ್ಕೆ ಬರುತ್ತಿದ್ದೆವು. ಉಳಿದ ಒಂದೆರಡು ಫ್ರೇಮು ಹಕ್ಕಿಗೋ ಓತಿಕ್ಯಾತಕ್ಕೋ ಮೀಸಲು. "ಉಸಿರು ಬಿಡಬೇಡ್ವೋ, ಮದುಮಗಳು ನಾಚ್ಕೋತಾಳೆ," ಎಂದು ಹಕ್ಕಿಯನ್ನು ತೋರಿಸಿ ಪಿಸುಗುಡುತ್ತಿದ್ದ. ನಾನು ಕಿಸಕ್ಕನೆ ನಗುತ್ತಿದ್ದೆ, ಅದು ಹಾರಿಹೋಗುತ್ತಿತ್ತು, ನನ್ನ ತಲೆಗೊಂದು ಮೊಟಕು. ಆ ಮೊಟಕು ಈಗ ಯಾರ ಕೈಯಲ್ಲಿ ಸಿಗುತ್ತದೆ?

ನೆಗೆಟಿವ್‌ಗಳನ್ನು ಅವನು ಗಿರಾಕಿಗಳಿಗೇ ಕೊಟ್ಟುಬಿಡುತ್ತಿದ್ದ. ಅವನ ಹಕ್ಕಿಗಳೆಲ್ಲ ಊರವರ ಬೀರು ಸೇರಿದ್ದವು. ಕೇಳಿಕೊಂಡು ಹೋದರೆ ಐದು ಮನೆಯವರು ಇಲ್ಲವೆಂದರು. ಆರನೆಯದು ಟೈಲರಕ್ಕನ ಮನೆ.

"ಅಯ್ಯೋ, ಆ ಹಕ್ಕಿಗಳಾ, ನಮ್ಮ ಮದುವೆಗೆ ಕರೀದೇ ಬಂದೋರು?" ಎಂದು ನಗುತ್ತ ಹೊಲಿಗೆ ಮಷಿನ್ನಿನ ಡ್ರಾಯರಿನಿಂದ ನೆಗೆಟಿವ್ ಪಟ್ಟಿಯೊಂದನ್ನು ತೆಗೆದಳು. "ನಮ್ಮ ಯಜಮಾನ್ರು ನಿಮ್ಮ ಚಿಕ್ಕಪ್ಪನ ಹತ್ರ ಜಗಳಕ್ಕೇ ಹೋಗಿದ್ರು. ನೋಡು, ಮೂವತ್ನಾಲ್ಕರಲ್ಲಿ ನಮ್ಮಮ್ಮ ಇದ್ದಾಳೆ. ಅವಳು ನಕ್ಕಿರೋದು ಇದೊಂದ್ರಲ್ಲೇ. ಗೀರು ಬಿದ್ರೆ ನಿನ್ನ ಚರ್ಮ ಸುಲೀತೀನಿ."

ಇಂಜಿನಿಯರು ಪಟ್ಟಿಯನ್ನು ಶೆಡ್ಡಿನ ಕಿಟಕಿಗೆ ಹಿಡಿದ. "ಇದ್ಯಾವ ಅಜ್ಜಿನಯ್ಯ?"

"ಪಕ್ಕದ್ದು ನೋಡಿ ಸಾರ್."

ಮೂವತ್ತೈದರಲ್ಲಿ ಬಿಲದ ಬಾಯಲ್ಲೇ ಕಳ್ಳಿಪೀರ ಕೂತಿತ್ತು, ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ. ಹಿಂದೆ ನೀರಿನ ಟ್ಯಾಂಕು, ಅದರ ಸೊಟ್ಟ ಏಣಿ. ಅವನು ಕಿಟಕಿಯಾಚೆ ನೋಡಿದ. ಅದೇ ಸೊಟ್ಟ ಏಣಿ ಅಲ್ಲೇ ನಿಂತಿತ್ತು.

"ಸರಿ, ಬೇಸಿಗೇಲಿ ಮರಿ ಹಾರೋವರೆಗೆ ದಿಬ್ಬ ಮುಟ್ಟಲ್ಲ," ಎಂದು ಗೊಣಗಿ ನಕ್ಷೆಯ ಮೇಲೆ ಬರೆದ. ಬೈಯಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ದಂಡವಾದವು.

ಸಂಜೆ ಪಟ್ಟಿ ವಾಪಸು ಕೊಟ್ಟೆ. ಟೈಲರಕ್ಕ ಅದನ್ನು ಬಲ್ಬಿಗೆ ಹಿಡಿದು ಗೀರು ಹುಡುಕಿದಳು. ಕೊನೆಯ ಫ್ರೇಮಿನಲ್ಲಿ ಖಾಲಿ ಬಿಲ, ಅಂಚಿನಲ್ಲಿ ಕಲಸಿದಂತೆ ಒಂದು ರೆಕ್ಕೆ.

"ಮೂವತ್ತಾರರಲ್ಲಿ ಏನೂ ಇಲ್ವಲ್ಲೋ?"

"ನಾನಿದ್ದೀನಕ್ಕ," ಎಂದೆ. "ಆಗ ನಕ್ಕಿದ್ದು ನಾನೇ."