ಮಾಸ್ತರರ ಐದು ಗಂಟೆಯ ಪ್ರಾರ್ಥನೆ

ರಾಯಚೂರಿನ ಕ್ರೈಸ್ತ ಕುಟುಂಬಗಳಲ್ಲಿ ಮದುವೆಯಿರಲಿ, ಮಣ್ಣಿರಲಿ, ಹೊಸ ಮನೆಯಿರಲಿ, ಪ್ರಾರ್ಥನೆಗೆ ಮೊದಲು ನೆನಪಾಗುವ ಹೆಸರು ಕೃಪಾನಂದ ಮಾಸ್ತರರದು. ಮಾನ್ವಿಯ ಹೈಸ್ಕೂಲಿನಲ್ಲಿ ಅವರು ಕನ್ನಡ ಕಲಿಸುತ್ತಿದ್ದರು, ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದರು. ಮೂವತ್ತು ವರ್ಷ ವ್ಯಾಕರಣ ಕಲಿಸಿದ ನಾಲಗೆ. ಅವರ ಪ್ರಾರ್ಥನೆ ಬೈಬಲಿನ ಸೃಷ್ಟಿಯ ಮೊದಲ ದಿನದಿಂದ ಹೊರಟು, ಕೆಂಪು ಸಮುದ್ರ ದಾಟಿ, ಬೇಥ್ಲೆಹೇಮಿನಲ್ಲಿ ಸ್ವಲ್ಪ ದಣಿವಾರಿಸಿಕೊಂಡು, ಗೃಹಪ್ರವೇಶದ ಮನೆಯ ಅಡುಗೆಕೋಣೆಗೆ ಬಂದು ಮುಟ್ಟುವಷ್ಟರಲ್ಲಿ ಬಿರಿಯಾನಿ ಆರಿಹೋಗಿರುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡೇ ‘ಎಂಥಾ ಪ್ರಾರ್ಥನಿ!’ ಎನ್ನುತ್ತಿದ್ದರು. ಆ ಮಾತು ಕಿವಿಗೆ ಬೀಳಲೆಂದೇ ಮಾಸ್ತರರು ಆಮೆನ್ ಆದಮೇಲೂ ಎರಡು ಕ್ಷಣ ಕಣ್ಣು ಮುಚ್ಚಿಕೊಂಡೇ ನಿಲ್ಲುತ್ತಿದ್ದರು.

ಆದರೆ ಒಂದು ಸಂಗತಿ ಅವರಿಗೂ ಅವರ ಹೆಂಡತಿ ಎಸ್ತೇರಮ್ಮನಿಗೂ ಮಾತ್ರ ಗೊತ್ತಿತ್ತು. ಕೇಳುವವರು ಯಾರೂ ಇಲ್ಲದಿದ್ದರೆ ಮಾಸ್ತರರಿಗೆ ಪ್ರಾರ್ಥನೆಯೇ ಬರುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ, ಪಲ್ಯ ತಟ್ಟೆಗೆ ಬೀಳುವಷ್ಟರಲ್ಲಿ ಅವರ ಪ್ರಾರ್ಥನೆ ಮುಗಿದಿರುತ್ತಿತ್ತು.

ಒಂದು ಮಧ್ಯಾಹ್ನ ಶಾಲೆಯ ಜವಾನ ಯಂಕೋಬ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. ದೇವದುರ್ಗದವನು, ಮಾನ್ವಿಯಲ್ಲಿ ಒಂದು ಬಾಡಿಗೆ ಖೋಲಿ ಮಾಡಿಕೊಂಡಿದ್ದ. ಮುಖ ಬಾಡಿತ್ತು.

“ಸರ, ಸೊಸಿಗೆ ಏಳು ತಿಂಗಳಿಗೇ ಹೆರಿಗಿ ಆಗ್ಯಾದ್ರಿ. ಹೆಣ್ಣ ಕೂಸು. ಅಂಗೈಯಾಗ ಹಿಡಿಯೂವಷ್ಟ ಅದ. ರಾಯಚೂರ ದವಾಖಾನ್ಯಾಗ ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ನಿಮ್ಮ ದೇವ್ರಿಗೆ ಒಂದ ಮಾತ ಹೇಳ್ರಿ.”

“ಒಂದ ಮಾತಲ್ಲೋ, ದಿನಾ ಹೇಳ್ತೀನಿ,” ಎಂದರು ಮಾಸ್ತರರು, ಅವನ ಹೆಗಲ ಮೇಲೆ ಕೈಯಿಟ್ಟು. “ನಾ ಮುಂಜಾನಿ ಐದಕ್ಕ ಎದ್ದು ಮೊಣಕಾಲೂರಿ ಕೂಡಾಂವ. ಮೊದಲನೇ ಹೆಸರು ನಿನ್ನ ಮೊಮ್ಮಗಳದು.”

ಹೇಳುವಾಗ ಅವರ ಕಣ್ಣಲ್ಲಿ ನೀರೇ ಬಂದಿತ್ತು. ಸುಳ್ಳು ಹೇಳುತ್ತಿದ್ದೇನೆಂದು ಅನಿಸಿರಲಿಲ್ಲ. ಅವರು ಏಳುತ್ತಿದ್ದದ್ದು ಆರೂವರೆಗೆ, ಎಸ್ತೇರಮ್ಮ ಹಾಲಿನ ಪಾತ್ರೆ ಕುಕ್ಕಿದ ಸದ್ದಿಗೆ. ಐದು ಗಂಟೆ ಎಂಬುದು ಬಾಯಿಗೆ ಹೇಗೆ ಬಂತೋ! ಆರೂವರೆ ಎಂದರೆ ಭಕ್ತಿ ಸ್ವಲ್ಪ ಕಡಿಮೆ ಅನಿಸಿರಬೇಕು.

ಮರುದಿನ ಬಸ್ಸು ರಾಯಚೂರು ದಾಟಿ ಗದ್ದೆಗಳ ನಡುವೆ ಓಡುವಾಗ ಕೂಸಿನ ನೆನಪಾಯಿತು. ನಾಳೆ ಮಾಡಿದರಾಯಿತು ಎಂದುಕೊಂಡರು. ಯಂಕೋಬ ರಜೆ ಹಾಕಿ ದವಾಖಾನೆಗೆ ಹೋದ. ಅವನ ಮುಖ ಕಾಣದಾದ ಮೇಲೆ ಕೂಸೂ ಮರೆತುಹೋಯಿತು.

ನಲವತ್ತು ದಿನ ಕಳೆದ ಮೇಲೆ ಯಂಕೋಬ ಪೇಢೆಯ ಡಬ್ಬಿ ಹಿಡಿದು ಬಂದ. ಬಗ್ಗಿ ಮಾಸ್ತರರ ಕಾಲು ಮುಟ್ಟಿದ. “ಕೂಸು ಮನಿಗಿ ಬಂತ್ರಿ ಸರ! ಎಲ್ಲಾ ನಿಮ್ಮ ಐದು ಗಂಟಿ ಪ್ರಾರ್ಥನಿ. ಐತವಾರ ಹೆಸರಿಡಾಕತ್ತೀವಿ, ಅಮ್ಮಾರನ್ನ ಕರಕೊಂಡು ದೇವದುರ್ಗಕ್ಕ ಬರಬೇಕು.”

ಯಾವ ಐದು ಗಂಟೆ ಎಂದು ಕೇಳಲು ಬಾಯಿ ತೆರೆದ ಮಾಸ್ತರರಿಗೆ ತಟ್ಟನೆ ನೆನಪಾಯಿತು. ತೆರೆದ ಬಾಯಿಗೆ ಯಂಕೋಬ ಪೇಢೆ ಇಟ್ಟ.

ಭಾನುವಾರ ಚರ್ಚಿನ ಸಭೆ ಮುಗಿಸಿ ಗಂಡಹೆಂಡತಿ ದೇವದುರ್ಗದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಾಸ್ತರರು ತಮ್ಮ ಪರವಾಗಿ ತಾವೇ ವಕಾಲತ್ತು ನಡೆಸಿದರು. ಮನಸ್ಸಿನಲ್ಲಿ ಇಚ್ಛೆಯಿತ್ತಲ್ಲ? ದೇವರು ಹೃದಯ ನೋಡುವವನಲ್ಲವೇ? ಹೃದಯ ನೋಡಿದರೆ ಇನ್ನೂ ಕೆಟ್ಟಿತು ಎಂದು ಹೊಳೆದಾಗ ವಾದ ನಿಂತಿತು.

ಯಂಕೋಬನ ಮನೆಯಲ್ಲಿ ಹೊಸ ಚಾಪೆ ಹಾಸಿದ್ದರು. ಎಲ್ಲರೂ ನೆಲಕ್ಕೆ ಕೂತರೂ ಮಾಸ್ತರರಿಗೆ ಮಾತ್ರ ಕುರ್ಚಿ. ಯಂಕೋಬನ ಹೆಂಡತಿ ಸೂಗಮ್ಮ ಎದುರಿಗೆ ಬಂದು ಕೂತಳು. ಹೊಲಗೆಲಸದಲ್ಲಿ ಒರಟಾದ ಕೈಗಳು. ಅವುಗಳಲ್ಲಿ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸು.

“ಯಪ್ಪಾ, ನನಗ ಮಂತ್ರ ಬರಾಂಗಿಲ್ಲ, ಹಾಡ ಬರಾಂಗಿಲ್ಲ,” ಎಂದಳು. “ದವಾಖಾನಿ ಪಡಸಾಲ್ಯಾಗ ಮಲಗ್ತಿದ್ದೆ. ಐದಾತು ಅಂದ್ರ ಎದ್ದು ಕೂಡೂದು. ಮಾಸ್ತರು ಈಗ ಹೇಳಾಕತ್ತಾರ ಅಂತ ಕಣ್ಣ ಮುಚ್ಚೂದು. ನೀವು ಅಲ್ಲಿ ಹೇಳ್ತಿದ್ರಿ, ನಾ ಇಲ್ಲಿ ‘ಹ್ಞೂಂ, ಹ್ಞೂಂ’ ಅಂತಿದ್ದೆ. ಒಂದಿನಾನೂ ಬಿಟ್ಟಿಲ್ಲ.”

ಮಾಸ್ತರರು ಕುರ್ಚಿಯ ಕೈ ಬಿಗಿಯಾಗಿ ಹಿಡಿದರು. ಪಕ್ಕದಲ್ಲಿ ಚಾಪೆಯ ಮೇಲೆ ಕೂತ ಎಸ್ತೇರಮ್ಮ ತಲೆಯೆತ್ತಿ ಗಂಡನ ಮುಖ ನೋಡಿದರು. ಮಾಸ್ತರರು ಆ ಕಡೆ ತಿರುಗಲಿಲ್ಲ.

ಸೂಗಮ್ಮ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿ, ಆಮೇಲೆ ಗಟ್ಟಿಯಾಗಿ ಎಲ್ಲರಿಗೂ ಹೇಳಿದಳು: “ಕೃಪಾ! ಮಾಸ್ತರ ಹೆಸರಽ ಇಟ್ಟೀವಿ.” ನೆರೆಹೊರೆಯವರು ಚಪ್ಪಾಳೆ ತಟ್ಟಿದರು. ಯಂಕೋಬ ಕೈಮುಗಿದು, “ಸರ, ಈಗ ನಮ್ಮ ಮುಂದ ಒಂದ ಪ್ರಾರ್ಥನಿ ಮಾಡ್ರಿ,” ಎಂದ.

ಮಾಸ್ತರರು ಎದ್ದು ನಿಂತು ಕಣ್ಣು ಮುಚ್ಚಿದರು. “ಸರ್ವಶಕ್ತನೂ ಸರ್ವಜ್ಞನೂ ಸರ್ವಾಂತರ್ಯಾಮಿಯೂ ಆದ ಪರಲೋಕದ ತಂದೆಯೇ...” ಎಂದು ಎಂದಿನ ಧಾಟಿಯಲ್ಲಿ ಶುರುವಾಯಿತು. ಮುಂದುವರಿಯಲು ಹೋದರೆ ಸರ್ವಜ್ಞ ಎಂಬ ಪದವೇ ಅಡ್ಡ ಬಂತು. ಎಲ್ಲ ಬಲ್ಲವನಿಗೆ ಇದೂ ಗೊತ್ತಲ್ಲ! ಕೆಂಪು ಸಮುದ್ರವೂ ಬರಲಿಲ್ಲ, ಬೇಥ್ಲೆಹೇಮೂ ಬರಲಿಲ್ಲ. ಕೊನೆಗೆ ಬಾಯಿಂದ ಬಂದದ್ದು ಮನೆಯ ಮಾತು.

“ತಂದೀ, ನಾ ಸುಳ್ಳ ಹೇಳೀನಿ. ಈ ಕೂಸಿನ ಸಲುವಾಗಿ ನಾ ಒಂದಿನಾನೂ ನಿನ್ನ ಮುಂದ ಕೂತಿಲ್ಲ. ಐದಕ್ಕ ಎದ್ದಿಲ್ಲ. ಮರತ ಬಿಟ್ಟಿದ್ದೆ. ಇವರು ನನ್ನ ನಂಬ್ಯಾರ. ನನಗ ಕ್ಷಮಾ ಮಾಡು.”

ಆಮೆನ್ ಹೇಳುವುದೂ ಮರೆತುಹೋಯಿತು. ಕಣ್ಣು ತೆರೆದಾಗ ಚಾಪೆಯ ಮೇಲಿದ್ದ ಮಂದಿಯೆಲ್ಲ ಅವರನ್ನೇ ನೋಡುತ್ತಿದ್ದರು. ಈ ಸಲ ಯಾರೂ ‘ಎಂಥಾ ಪ್ರಾರ್ಥನಿ’ ಎನ್ನಲಿಲ್ಲ. ಯಂಕೋಬ ಎದ್ದು ಹೊರಗೆ ಹೋದ.

ಸೂಗಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು. “ಮತ್ತ ನಾ ಹ್ಞೂಂ ಅಂದದ್ದು ಯಾರಿಗಿ?”

“ದೇವ್ರಿಗೇ ಅಂದೀಯವ್ವಾ,” ಎಂದರು ಮಾಸ್ತರರು. “ನೀ ಒಬ್ಬಾಕೀನಽ ಮಾಡೀದಿ. ನನ್ನ ಹೆಸರು ಬ್ಯಾಡ ಕೂಸಿಗೆ. ಬದಲ ಮಾಡ್ರಿ.”

ಸೂಗಮ್ಮ ಕೂಸಿಗೆ ಸುತ್ತಿದ ಸೀರೆಯ ತುಂಡು ಸರಿಮಾಡಿದಳು. “ಕಿವ್ಯಾಗ ಹೇಳಿ ಆಗೇದಲ್ಲ. ಇರ್ಲಿ ಬಿಡ್ರಿ. ಹೋಳಿಗಿ ಆರಾಕತ್ತಾವ, ಊಟಕ್ಕ ಏಳ್ರಿ.”

ಹೋಳಿಗೆ ಬಿಸಿಯಾಗಿಯೇ ಇತ್ತು. ಮಾಸ್ತರರು ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತು ಉಂಡರು. ಬಸ್ ನಿಲ್ದಾಣದವರೆಗೆ ಯಂಕೋಬ ಹತ್ತು ಹೆಜ್ಜೆ ಮುಂದೆಯೇ ನಡೆದ.

ಬಸ್ಸಿನಲ್ಲಿ ಎಸ್ತೇರಮ್ಮ ಕೇಳಿದರು: “ಇನ್ನ ಎಷ್ಟ ಮಂದಿಗಿ ಹಿಂಗ ಮಾತ ಕೊಟ್ಟೀರಿ?”

“ನೆನಪಿಲ್ಲ.”

“ನನಗ ನೆನಪದ. ನೀವು ಮಾತ ಕೊಡೂವಾಗ ಬಾಜೂಕ ನಿಂತಾಕಿ ನಾನಽ ಅಲ್ಲೇನ್ರಿ? ಟೇಲರ್ ಅಬ್ದುಲ್ ವಹೀದರ ಕಣ್ಣಿನ ಆಪರೇಷನ್. ಶಕ್ತಿನಗರದ ಸುಮಂಗಲಾನ ಮಗಳ ಮದಿವಿ. ನಮ್ಮ ಸಭಾದ ಪಾಸ್ಟರ ಬೆನ್ನುನೋವು...” ರಾಯಚೂರು ಬಂದರೂ ಪಟ್ಟಿ ಮುಗಿಯಲಿಲ್ಲ.

ಮರುದಿನ ಮಾಸ್ತರರು ನಿಜವಾಗಿಯೂ ಐದಕ್ಕೆ ಎದ್ದರು. ಮಂಚದ ಪಕ್ಕ ಮೊಣಕಾಲೂರಿದರು. ಸೃಷ್ಟಿಯಿಂದ ಶುರುಮಾಡೋಣವೆಂದರೆ ನಾಚಿಕೆಯಾಯಿತು. ವಹೀದರ ಕಣ್ಣು ಎಂದರು. ಅದರ ಮುಂದೆ ಏನೂ ತೋಚಲಿಲ್ಲ. ತಲೆಯನ್ನು ಹಾಸಿಗೆಗೆ ಆನಿಸಿದ್ದೇ ತಡ, ನಿದ್ದೆ ಹತ್ತಿತು. ಆರೂವರೆಗೆ ಎಸ್ತೇರಮ್ಮ ನೋಡಿದರೆ ಗಂಡ ಮೊಣಕಾಲ ಮೇಲೆಯೇ ಗೊರಕೆ ಹೊಡೆಯುತ್ತಿದ್ದಾರೆ. “ಅಯ್ಯ, ಏಳ್ರಿ! ಪಾರ್ಶ್ವವಾಯು ಬಡೀತೇನೋ ಅನಕೊಂಡೆ!” ಆ ದಿನ ಮಾಸ್ತರರು ಕುಂಟುತ್ತ ಬಸ್ಸು ಹತ್ತಿದರು. ಆದರೂ ಮಾರನೇ ದಿನ ಎದ್ದರು, ಅದರ ಮಾರನೇ ದಿನವೂ. ಕೆಲವು ದಿನ ಎರಡು ಹೆಸರು ಹೇಳಲಾಯಿತು, ಕೆಲವು ದಿನ ಬರೀ ಕೂತರು. ಕೇಳುವವರಿಲ್ಲದ ಕೋಣೆ ಮೊದಮೊದಲು ಖಾಲಿ ಅನಿಸುತ್ತಿತ್ತು. ಒಂದು ಬೆಳಿಗ್ಗೆ ಹಾಗೆ ಅನಿಸಲಿಲ್ಲ. ಏನಾಯಿತೆಂದು ಹೆಂಡತಿಗೆ ವಿವರಿಸಲು ಹೋದರು. ಕನ್ನಡ ಮಾಸ್ತರರಿಗೆ ಪದ ಸಿಗಲಿಲ್ಲ.

ಸಭೆಯಲ್ಲಿ ಅವರ ಪ್ರಾರ್ಥನೆ ಎರಡೇ ನಿಮಿಷಕ್ಕೆ ಇಳಿಯಿತು. ಜನರಿಗೆ ಬೇಸರವಾಯಿತು. “ಮಾಸ್ತರಗ ಆರಾಮಿಲ್ಲಂತ ಕಾಣಸ್ತದ,” ಎಂದು ಒಬ್ಬರು ಹಣ್ಣು ಹಿಡಿದು ಮನೆಗೇ ಬಂದರು. ಒಂದು ಮದುವೆಗೆ ಬೇರೆಯವರನ್ನು ಕರೆದರು. ಮಾಸ್ತರರಿಗೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಾಯಿತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಶಾಲೆಯಲ್ಲಿ ಯಂಕೋಬ ಇಪ್ಪತ್ತು ದಿನ ಮಾತು ಬಿಟ್ಟಿದ್ದ. ಚಹಾ ಎಲ್ಲರಿಗೂ ಕೊಟ್ಟು, ಕೊನೆಗೆ ತಣ್ಣಗಾದದ್ದನ್ನು ಮಾಸ್ತರರ ಮುಂದಿಡುತ್ತಿದ್ದ. ಅವರು ಸುಮ್ಮನೆ ಕುಡಿಯುತ್ತಿದ್ದರು. ಇಪ್ಪತ್ತೊಂದನೇ ದಿನ ಅವನೇ ಬಂದು ನಿಂತ.

“ಸರ, ಕೂಸಿಗೆ ನಿನ್ನಿ ರಾತ್ರಿಯಿಂದ ಜ್ವರ ಬಂದಾವ್ರಿ.”

ದಿನಾ ಹೇಳ್ತೀನಿ ಎಂಬ ಮಾತು ತುಟಿಯವರೆಗೆ ಬಂದೇಬಿಟ್ಟಿತ್ತು. ಮಾಸ್ತರರು ಅದನ್ನು ಹಲ್ಲು ಕಚ್ಚಿ ತಡೆದರು. “ಈಗಽ ಹೇಳ್ಲೇನು? ಇಲ್ಲೇ?” ಎಂದರು.

ವರಾಂಡದಲ್ಲಿ ಚಪ್ಪಲಿ ಬಿಟ್ಟು ಗೋಡೆಯ ಕಡೆಗೆ ಮುಖಮಾಡಿ ನಿಂತರು. ಯಂಕೋಬನೂ ಕಣ್ಣು ಮುಚ್ಚಿದ.

“ತಂದೀ, ಈ ಕೂಸಿಗೆ ಜ್ವರ ಬಂದಾವ. ಇಳಸು. ನಮಗ ಹೆದರಿಕಿ ಆಗೇದ. ಆಮೆನ್.”

ಯಂಕೋಬ ಒಂದು ಕಣ್ಣು ತೆರೆದ. “ಮುಗೀತೇನ್ರಿ?”

“ಮುಗೀತು.”

“ಇಷ್ಟಽ?”

“ಇಷ್ಟಽ.”

ಯಂಕೋಬ ಜೇಬಿನಿಂದ ಫೋನ್ ತೆಗೆದು ದೇವದುರ್ಗಕ್ಕೆ ಹಚ್ಚಿದ. “ಏ ಸೂಗಮ್ಮ, ಸರ ಈಗ ಹೇಳಿದ್ರು ನೋಡು. ಹೌದ, ನಾನಽ ನಿಂತು ಕೇಳೀನಿ.”

ಜ್ವರ ಇಳಿಯಲು ಮೂರು ದಿನ ಮತ್ತು ಡಾಕ್ಟರರ ಒಂದು ಬಾಟ್ಲಿ ಔಷಧ ಬೇಕಾಯಿತು. ಆ ಮೂರು ದಿನವೂ ಸಣ್ಣ ಬಿಡುವಿನಲ್ಲಿ ಯಂಕೋಬ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಕೆಮ್ಮುತ್ತಿದ್ದ. ಮಾಸ್ತರರು ಚಪ್ಪಲಿ ಬಿಟ್ಟು ಹೊರಗೆ ಬರುತ್ತಿದ್ದರು.